ಐವಾಜೊವ್‌ಸ್ಕಿಯ ಅಲೆಗಳಿಗೆ ಆ ಬೆಳಕು ಎಲ್ಲಿಂದ?

ಪ್ರಶ್ನೆ: ರಷ್ಯದ ಸಮುದ್ರಚಿತ್ರಕಾರ ಐವಾಜೊವ್‌ಸ್ಕಿಯವರ ‘ಒಂಬತ್ತನೇ ಅಲೆ’ ಚಿತ್ರದಲ್ಲಿ (1850) ಅಲೆಯ ನೆತ್ತಿ ಒಳಗಿನಿಂದಲೇ ಹೊಳೆಯುತ್ತಲ್ಲ, ಹೇಗೆ? ದಡದಲ್ಲಿ ಕೂತು ಬರೆದರಾ?

ಉತ್ತರ: ಇಲ್ಲ ಸರ್, ಸ್ಟುಡಿಯೋದಲ್ಲಿ, ನೆನಪಿನಿಂದ. ಓಡೋ ಅಲೆ ಕುಂಚಕ್ಕೆ ಸಿಗೋದಿಲ್ಲ ಅನ್ನೋದು ಅವರ ವಾದ. ಹೊಳಪಿನ ಗುಟ್ಟು ತೆಳು ಪದರಗಳು. ಪಾರದರ್ಶಕ ಹಸಿರಿನಡಿ ತಿಳಿ ಬಣ್ಣ ಇಣುಕುತ್ತೆ. ನಾನೂ ಎಣ್ಣೆಬಣ್ಣದವನೇ. ಅಲ್ಲಿ ಬಿಳಿ ಕಲಸಿದರೆ ಅಲೆ ಸುಣ್ಣದ ಗೋಡೆ ಆಗುತ್ತೆ!

ಇನ್ನೊಬ್ಬರು: ಸುಮಾರು 6000 ಚಿತ್ರ ಬರೆದವರು, ಎಷ್ಟೋ ಒಂದೇ ಥರ ಬಿಡಿ. ನನಗಿಷ್ಟ 1881ರ ‘ಕಪ್ಪು ಸಮುದ್ರ’. ಹಡಗೊಡೆದ ನಾಟಕ ಇಲ್ಲ, ಬರೀ ನೀರು, ಮೋಡ, ದೂರದಲ್ಲಿ ಚುಕ್ಕಿಯಂಥ ಹಡಗು.

ಮೊದಲ ಉತ್ತರದವರು: ಒಪ್ಪಿದೆ. ಅಂದಹಾಗೆ, ಅವರ ಹುಟ್ಟೂರು ಕ್ರಿಮಿಯಾದ ಫಿಯೊಡೊಸಿಯಾದಲ್ಲಿ ಆಗ ಕುಡಿಯೋ ನೀರಿಗೇ ಬರ. 1888ರಲ್ಲಿ ತಮ್ಮ ಜಮೀನಿನ ಬುಗ್ಗೆಯಿಂದ ಊರಿಗೆ ನೀರು ಕೊಟ್ಟವರೂ ಇವರೇ.