ಕಾಲು ಪದೇ ಪದೇ ಉಳುಕುತ್ತೆ: ವ್ಯಾಯಾಮವೋ, ಬ್ರೇಸೋ, ಆಪರೇಷನ್ನೋ?

ಕೇಳಿದವರು: ಮೂಡಿಗೆರೆ ಕಡೆ ಕಾಫಿ ತೋಟದ ರೈಟರ್ (ಆಳು, ಲೆಕ್ಕ ನೋಡಿಕೊಳ್ಳುವವರು)

ಬಲಗಾಲಿನ ಹರಡು ಪದೇ ಪದೇ ಒಳಕ್ಕೆ ಮಡಚಿಕೊಳ್ಳುತ್ತೆ. ಕ್ರೇಪ್ ಬ್ಯಾಂಡೇಜ್ ಸುತ್ತಿ ನಾಲ್ಕೈದು ದಿನ ಕೂತರೆ ನೋವು ಹೋಗುತ್ತೆ, ಮತ್ತೆ ಅದೇ ಕಥೆ. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ ಅಂದ್ರು. ಇಳಿಜಾರು ಹಾಗಿರಲಿ, ಈಗ ಕಾಫಿ ಒಣಗಿಸೋ ಕಣದಲ್ಲೂ ಕಾಲು ಹೊರಳುತ್ತೆ. ಅರೇಬಿಕಾ ಕೊಯ್ಲು ಹತ್ತಿರ ಬಂತು. ಗೊತ್ತಿರೋರು ಹೇಳಿ.

ಫಿಸಿಯೋಥೆರಪಿ ಮಾಡಿಸುವವರು, ಹಾಸನ

ಮೊದಲು ವ್ಯಾಯಾಮ, ತೋಟಕ್ಕೆ ಇಳಿಯುವಾಗ ಬ್ರೇಸ್, ಅಂದ್ರೆ ಹರಡು ಹೊರಳದಂತೆ ಹಿಡಿಯೋ ಕಟ್ಟು. ಆಪರೇಷನ್ ಮಾತು ಮೂರು ತಿಂಗಳಾದ ಮೇಲೆ.

ಹರಡಿನ ಹೊರಮಗ್ಗುಲಲ್ಲಿ ಮೂರು ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ಪಟ್ಟಿ) ಇವೆ. ಪಾದ ಒಳಕ್ಕೆ ಮಡಚಿದಾಗ ಸಾಮಾನ್ಯವಾಗಿ ಮುಂದಿನದು ಮೊದಲು ಹರಿಯುತ್ತೆ. ಎಕ್ಸ್‌ರೇಯಲ್ಲಿ ಅದು ಕಾಣಲ್ಲ. ಹರಿದದ್ದು ಕೂಡಿಕೊಂಡರೂ ಸಡಿಲ ಉಳಿಯಬಹುದು. ಜೊತೆಗೆ ಪಾದ ವಾಲ್ತಾ ಇದೆ ಅಂತ ಸುದ್ದಿ ಮುಟ್ಟಿಸೋ ನರದ ತುದಿಗಳಿಗೂ ಪೆಟ್ಟಾಗಿರುತ್ತೆ. ಕಾಲಿನ ಹೊರಮಗ್ಗುಲ ಪೆರೋನಿಯಲ್ ಸ್ನಾಯು ಪಾದವನ್ನು ಹೊರಕ್ಕೆ ಎಳೆದು ಹಿಡಿಯಬೇಕು. ಅದು ಎಚ್ಚರಾಗೋದರೊಳಗೆ ಕಾಲು ಹೊರಳಿ ಆಗಿರುತ್ತೆ. ಬ್ಯಾಂಡೇಜ್ ಸುತ್ತಿ ಕೂತರೆ ನೋವು ಹೋಗುತ್ತೆ, ಈ ಸೋಮಾರಿತನ ಹೋಗಲ್ಲ.

ಇಳಿಯುವಾಗಲೇ ಜಾಸ್ತಿ ಯಾಕೆ ಅಂದ್ರೆ, ಕೀಲಿನ ಒಳಗಿರೋ ಟೇಲಸ್ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲ್ಮುಖವಾದಾಗ ಅಗಲದ ಕಡೆ ಬಿಗಿಯಾಗಿ ಕೂರುತ್ತೆ. ಬೆರಳು ಕೆಳಮುಖವಾದರೆ ಕಿರಿದಾದ ಕಡೆ ಬಂದು ಕೀಲು ಆಡುತ್ತೆ. ಆಗ ಭಾರವೆಲ್ಲ ಆ ಹರಿದ ಲಿಗಮೆಂಟ್ ಮೇಲೆ.

ಅದಕ್ಕೇ ಮೊದಲು ಇದನ್ನು ನೋಡಿ: ಗೋಡೆಗೆ ಎದುರು ನಿಂತು, ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ಮುಟ್ಟಿಸಿ. ಹೆಬ್ಬೆರಳನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತಾ ಹೋಗಿ, ಮಂಡಿ ಕೊನೆಗೆ ಮುಟ್ಟಿದಾಗ ಹೆಬ್ಬೆರಳಿಂದ ಗೋಡೆಗೆ ಎಷ್ಟು ದೂರ ಅಂತ ಅಳೆಯಿರಿ. 10 ಸೆಂಟಿಮೀಟರ್ ಆಸುಪಾಸು ಬಂದರೆ ಚೆನ್ನ. ಬಲಗಾಲಿನ ಅಳತೆ ಎಡಗಾಲಿಗಿಂತ ಕಮ್ಮಿ ಇದ್ದು, ವ್ಯತ್ಯಾಸ 2 ಸೆಂಟಿಮೀಟರ್ ದಾಟಿದರೆ ಕೀಲು ಬಿಗಿದಿದೆ. ಇದೇ ಚಲನೆಯನ್ನು ದಿನಕ್ಕೆ ಎರಡು ಹೊತ್ತು ಹದಿನೈದು ಸಲ ಮಾಡಿ ಬಿಡಿಸಿಕೊಳ್ಳಿ.

ಶಕ್ತಿಗೆ ಹಳೇ ಸೈಕಲ್ ಟ್ಯೂಬ್ ಸಾಕು. ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿ ಪಾದದ ಮುಂಭಾಗಕ್ಕೆ ಹಾಕಿ ಹೊರಕ್ಕೆ ಎಳೆಯಿರಿ. ವಾಪಸ್ ಬಿಡುವಾಗ ಮೂರು ಎಣಿಸಿ. 15ರಂತೆ ಮೂರು ಸುತ್ತು. ಎಲ್ಲರೂ ಕೆಡಿಸೋದು ಇಲ್ಲೇ: ಪಾದದ ಬದಲು ಸೊಂಟದಿಂದ ಇಡೀ ಕಾಲು ತಿರುಗುತ್ತೆ. ಮಂಡಿ ಮೇಲೆ ಕೈ ಇಟ್ಟರೆ ಕಳ್ಳತನ ಗೊತ್ತಾಗುತ್ತೆ. ಎರಡನೇ ವಾರದಿಂದ ಬೆರಳು ಕೆಳಮುಖ ಮಾಡಿಯೂ ಎಳೆಯಿರಿ, ಹೊರಳೋದು ಆ ಭಂಗಿಯಲ್ಲೇ ತಾನೆ. ಹಿಮ್ಮಡಿ ಎತ್ತೋದು ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದರಲ್ಲಿ, 20 ಸಲ ಆಗೋವರೆಗೆ. ಭಾರ ಹೆಬ್ಬೆರಳ ಬುಡದ ಮೇಲಿರಲಿ. ಕಿರುಬೆರಳ ಕಡೆ ವಾಲಿದರೆ ನಿಲ್ಲಿಸಿ.

ಮುಖ್ಯ ಅಂದ್ರೆ ಸಮತೋಲನ. ಬರಿಗಾಲಲ್ಲಿ, ಗೋಡೆ ಮೂಲೆಯಲ್ಲಿ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಇನ್ನೊಂದು ಕಾಲು ನೆಲಕ್ಕೆ ತಾಗದೆ ಆದರೆ ಕಣ್ಣು ಮುಚ್ಚಿ. ಅದೂ ಆದರೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ ಅಥವಾ ದಿಂಬಿನ ಮೇಲೆ. ಹಲ್ಲುಜ್ಜುವಾಗ ಮಾಡಿದರೂ ಲೆಕ್ಕಕ್ಕೆ ಬರುತ್ತೆ. ಒಂದು ತಿಂಗಳಾದ ಮೇಲೆ, ನೋವಿಲ್ಲದಿದ್ದರೆ, ಕೆಳಗಿನ ಮೆಟ್ಟಿಲಿಂದ ಒಂಟಿಕಾಲಲ್ಲಿ ಇಳಿದು ಅಲ್ಲಾಡದೆ ಐದು ಎಣಿಸಿ. ಆರು ವಾರಕ್ಕೆ ಫರಕು ಗೊತ್ತಾಗುತ್ತೆ, ಹನ್ನೆರಡು ವಾರ ಬಿಡಬಾರದು.

ತೋಟ ನೋಡಿಕೊಳ್ಳುವವರು, ಆಲ್ದೂರು

ವ್ಯಾಯಾಮ ಸರಿ. ಆದ್ರೆ ಗಂಬೂಟು ಹಾಕಿಕೊಂಡು ಇಳಿಜಾರಲ್ಲಿ ಓಡಾಡಿದ್ರೆ ಮಾಡಿದ್ದೆಲ್ಲ ನೀರಿಗೆ ಹೋಯ್ತು, ಮಾರಾಯ್ರೆ. ಜಿಗಣೆ ಸಾಕ್ಸ್ ಸೇರಲಿ ಅಂತ ಒಂದು ಸೈಜ್ ದೊಡ್ಡದು ತಗೋತೀವಿ, ಒಳಗೆ ಹಿಮ್ಮಡಿ ಎದ್ದೆದ್ದು ಬೀಳುತ್ತೆ. ಮಳೆ ನಿಂತ ಮೇಲಾದ್ರೂ ಲೇಸ್ ಕಟ್ಟೋ, ಹರಡು ಮುಚ್ಚೋ ಬೂಟು ಹಾಕಿ. ಹಳೇ ಬೂಟನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ: ಹಿಮ್ಮಡಿಯ ಹೊರ ಅಂಚು ಸವೆದು ವಾಲಿದ್ದರೆ ಅದೇ ನಿಮ್ಮನ್ನು ಉರುಳಿಸ್ತಾ ಇದೆ, ಎಸೀರಿ.

ಮಳೆನೀರು ಇಂಗಲಿ ಅಂತ ಗಿಡದ ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಯನ್ನು ಸಿಲ್ವರ್ ಓಕ್ ಎಲೆ ಮುಚ್ಚಿದ್ದರೆ ಅಂಚು ಕಣ್ಣಿಗೆ ಕಾಣಲ್ಲ. ಕೋಲು ಎಡಗೈಲಿರಲಿ, ಮೊದಲು ಕೋಲು ಊರಿ, ಆಮೇಲೆ ಬಲಗಾಲು. ನೇರ ಇಳಿಯೋ ಬದಲು ಅಡ್ಡಡ್ಡ ಇಳೀರಿ. ಸಂಜೆ ತೂಕ ಮುಗಿಸಿ ಬರುವಾಗ ಜಾಸ್ತಿ ಜೋಪಾನ, ದಣಿದ ಕಾಲು ಬೇಗ ಹೊರಳುತ್ತೆ.

ಬ್ರೇಸ್, ಬೆಲ್ಟ್ ಅಳತೆ ಕೊಡುವವರು, ಚಿಕ್ಕಮಗಳೂರು

ಮೆಡಿಕಲ್ ಶಾಪಲ್ಲಿ ಮೊದಲು ಕೈಗೆ ಕೊಡೋ ಎಲಾಸ್ಟಿಕ್ ಆಂಕ್ಲೆಟ್ ಬೆಚ್ಚಗಿಡುತ್ತೆ, ಹೊರಳೋದನ್ನು ತಡೆಯಲ್ಲ. ಲೇಸ್ ಇರೋ, ಎರಡೂ ಕಡೆ ಎಂಟರ ಆಕಾರದಲ್ಲಿ ಪಟ್ಟಿ ಸುತ್ತೋ ಬ್ರೇಸ್ ಕೇಳಿ. ತೆಳು ಕಾಟನ್ ಸಾಕ್ಸ್ ಮೇಲೆ, ಹಿಮ್ಮಡಿ ನೆಲಕ್ಕೂರಿ ಪಾದ ಲಂಬಕೋನದಲ್ಲಿಟ್ಟು (90 ಡಿಗ್ರಿ) ಕಟ್ಟಿ. ಬೆರಳು ಕೆಳಗೆ ಬಿಟ್ಟು ಕಟ್ಟಿದ್ರೆ ನಿಂತ ಕೂಡಲೇ ಸಡಿಲ. ಬೆರಳು ಜೋಮು ಹಿಡಿದರೆ ಬಿಗಿ ಜಾಸ್ತಿ. ಬೂಟಿನ ಒಳ ಅಟ್ಟೆ ತೆಗೆದರೆ ಜಾಗ ಸಿಗುತ್ತೆ. ಟೇಪ್ ಅಂಟಿಸೋದಕ್ಕೆ ದುಡ್ಡು ಹಾಕಬೇಡಿ, ಅರ್ಧ ಗಂಟೆ ನಡೆದರೆ ಹಿಡಿತ ಬಿಡೋಕೆ ಶುರು. ಮನೇಲಿ ಬಿಚ್ಚಿಡಿ.

ಮೂಳೆ ವಿಭಾಗದ ನರ್ಸ್, ಹಾಸನ

ಉಳುಕು ತೆಗೆಯೋರ ಹತ್ರ ಎಳೆಸಬೇಡಿ. ಜಾರಿದ ಮೂಳೆ ಅಲ್ಲ ಇದು, ಹರಿದ ಲಿಗಮೆಂಟ್. ಹೊಸ ಪೆಟ್ಟಿಗೆ ಬಿಸಿ ಎಣ್ಣೆ ತಿಕ್ಕಿದರೆ ಊತ ಏರುತ್ತೆ. ಬಟ್ಟೆ ಸುತ್ತಿದ ಐಸ್ 15 ನಿಮಿಷ, ಕಾಲು ಎತ್ತರಕ್ಕೆ.

ಪ್ರತಿ ಹೊಸ ಪೆಟ್ಟಿಗೂ ಎಕ್ಸ್‌ರೇ ಬೇಕಿಲ್ಲ. ಆದರೆ ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ, ಹರಡಿನ ಎರಡು ಗಿಣ್ಣುಗಳಲ್ಲಿ (ಎರಡೂ ಮಗ್ಗುಲಲ್ಲಿ ಉಬ್ಬಿದ ಮೂಳೆ) ಒಂದರ ಹಿಂಭಾಗದ ಅಂಚನ್ನೋ ತುದಿಯನ್ನೋ ಒತ್ತಿದಾಗ ಜೀವ ಹೋದಂಗೆ ಆದರೆ, ಅಥವಾ ಪಾದದ ಹೊರ ಅಂಚಿನ ನಡುವೆ ಕಿರುಬೆರಳಿನ ಮೂಳೆ ಬುಡ ನೊಂದರೆ ತೆಗೆಸಲೇಬೇಕು. ಕೀಲಿನ ಆಳದಲ್ಲಿ ನೋವು, ನಡೀತಾ ಸಿಕ್ಕಿಕೊಂಡಂಗೆ ಆಗೋದು ಇದ್ದರೆ ಕಾರ್ಟಿಲೇಜಿಗೆ (ಕೀಲಿನ ಮೂಳೆ ತುದಿಯ ನುಣುಪು ಹೊದಿಕೆ) ಪೆಟ್ಟಾಗಿರಬಹುದು. ಹೊರಗಿಣ್ಣಿನ ಹಿಂದೆ ದಾರ ಜಾರಿದಂತೆ ಟಕ್ ಅಂದರೆ ಪೆರೋನಿಯಲ್ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟೋ ಹುರಿ) ಜಾರ್ತಾ ಇರಬಹುದು. ಇವಕ್ಕೆ ಎಂಆರ್‌ಐ ಬೇಕಾಗಬಹುದು, ಬರೀ ವ್ಯಾಯಾಮದಿಂದ ಬಗೆಹರಿಯದೆ ಇರಬಹುದು. ಹಿಮ್ಮಡಿಯೇ ಒಳಕ್ಕೆ ವಾಲಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಆಪರೇಷನ್ನಲ್ಲಿ ಹೆಚ್ಚಾಗಿ ಮಾಡೋದು ಬ್ರೋಸ್ಟ್ರಮ್ ವಿಧಾನ, 1966ರದ್ದು. ನಿಮ್ಮದೇ ಲಿಗಮೆಂಟನ್ನು ಬಿಗಿಮಾಡಿ ಹೊಲಿಯೋದು. ಆಮೇಲೂ ಇದೇ ಸೈಕಲ್ ಟ್ಯೂಬ್, ಇದೇ ಒಂಟಿಕಾಲು. ಇಳಿಜಾರಿನ ಕೆಲಸಕ್ಕೆ ಮೂರ್ನಾಲ್ಕು ತಿಂಗಳು ಹಿಡಿಯುತ್ತೆ, ಹಾಗಾಗಿ ಮಾಡಿಸೋದಾದ್ರೂ ಕೊಯ್ಲಿಗೆ ಮುಂಚೆ ಬೇಡ.

ಕೇಳಿದವರು

ಬ್ರೇಸ್ ಯಾವಾಗ ಬಿಡಬಹುದು?

ಫಿಸಿಯೋಥೆರಪಿ ಮಾಡಿಸುವವರು, ಹಾಸನ

ಈ ಕೊಯ್ಲು ಪೂರ್ತಿ ಹಾಕಿ. ಆಮೇಲೆ ನೆಲದ ಮೇಲೆ 30 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು ಒಂಟಿಕಾಲಲ್ಲಿ ಅತ್ತಿಂದಿತ್ತ ಹತ್ತು ಸಲ ಹಾರಿ. ಬಲಗಾಲಿಗೆ ಎಡಗಾಲಿನಷ್ಟೇ ಹೊತ್ತು ಹಿಡಿದು, ಮಾರನೇ ದಿನ ಊತ ಬರದಿದ್ದರೆ ಮೊದಲು ಕಣದಲ್ಲಿ ಬಿಚ್ಚಿ ಓಡಾಡಿ, ತೋಟದಲ್ಲಿ ಆಮೇಲೆ. ಒಂಟಿಕಾಲ ನಿಲುವು ಮಾತ್ರ ವಾರಕ್ಕೆ ಮೂರು ದಿನ ಇರಲಿ.