ಪದಚರ್ಚೆ: ಗುಂಡಿಯ ಮೇಲೆ ‘ಉಳಿಸು’ ಇರಬೇಕೋ ‘ಉಳಿಸಿ’ ಇರಬೇಕೋ?

ಪ್ರಶ್ನೆ: ತಂತ್ರಾಂಶವೊಂದರ ಕನ್ನಡ ಅನುವಾದವನ್ನು ತಿದ್ದುತ್ತಿದ್ದೇವೆ. ಗುಂಡಿಗಳಲ್ಲಿ ಕೆಲವೆಡೆ ‘ಉಳಿಸು, ಹುಡುಕು’ ಎಂದಿದೆ, ಕೆಲವೆಡೆ ‘ಉಳಿಸಿ, ಹುಡುಕಿ’. ಏಕವಚನ ಅಗೌರವವಾಗುತ್ತದೆ, ಎಲ್ಲವನ್ನೂ ‘-ಇ’ಗೆ ತಿರುಗಿಸಿ ಎಂಬ ಸಲಹೆ ಬಂದಿದೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಮೊದಲು ಆ ಮಾತು ಯಾರ ಬಾಯಿಂದ ಬರುತ್ತಿದೆ ಎಂದು ಕೇಳಿಕೊಳ್ಳಿ. ಗುಂಡಿ ಒತ್ತುವವರು ಯಂತ್ರಕ್ಕೆ ಕೆಲಸ ಹೇಳುತ್ತಿದ್ದಾರೆ: ‘ಉಳಿಸು’, ‘ಕಳಿಸು’, ‘ಹುಡುಕು’. ಯಂತ್ರಕ್ಕೆ ಬಹುವಚನ ಬೇಕಿಲ್ಲ. ಸಂದೇಶ ಹಾಗಲ್ಲ, ಅಲ್ಲಿ ಯಂತ್ರ ನಮ್ಮೊಡನೆ ಮಾತಾಡುತ್ತದೆ: ‘ಮುಚ್ಚುವ ಮೊದಲು ಕಡತವನ್ನು ಉಳಿಸಿ’, ‘ಪಾಸ್‌ವರ್ಡ್ ಮತ್ತೊಮ್ಮೆ ನಮೂದಿಸಿ’. ಇಲ್ಲಿ ‘ನಮೂದಿಸು’ ಎಂದರೆ ನಿಜಕ್ಕೂ ಒರಟು.

ವ್ಯಾಕರಣದ ಕಾರಣವೂ ಒಂದಿದೆ. ‘ಉಳಿಸಿ’ ಬಹುವಚನದ ವಿಧಿರೂಪವೂ ಹೌದು, ‘ಉಳಿಸಿಬಿಟ್ಟು’ ಎಂಬರ್ಥದ ಕೃದಂತವೂ (ಮುಂದೆ ಇನ್ನೊಂದು ಕ್ರಿಯಾಪದವನ್ನು ಬಯಸುವ ರೂಪ) ಹೌದು. ಮೆನುವಿನಲ್ಲಿ ‘ಉಳಿಸಿ’, ಅದರ ಕೆಳಗೇ ‘ಉಳಿಸಿ ಮುಚ್ಚಿ’ ಎಂದಿದ್ದರೆ ಮೊದಲನೆಯದು ಅರ್ಧಕ್ಕೆ ನಿಂತ ವಾಕ್ಯದಂತೆ ಕಾಣುತ್ತದೆ. ‘ಉಳಿಸು’, ‘ಉಳಿಸಿ ಮುಚ್ಚು’ ಎಂದಾಗ ಗೊಂದಲವಿಲ್ಲ.

ಈ ನಿಯಮ ಒಂದು ಕಡೆ ಮುರಿಯುತ್ತದೆ. ಕೆಲಸ ಮಾಡುವವರು ಬಳಕೆದಾರರೇ ಆಗಿರುವ ಕ್ರಿಯಾಪದಗಳು: ಮುಂದುವರಿ, ಸೇರು, ಲಾಗಿನ್ ಆಗು. ‘ಮುಂದುವರಿ’ ಎಂಬ ಗುಂಡಿಯನ್ನು ಓದಿದವರಿಗೆ ಯಾರೋ ತಮಗೇ ಅಪ್ಪಣೆ ಕೊಟ್ಟಂತಾಗುತ್ತದೆ. ಆಕ್ಷೇಪ ಹುಟ್ಟುವುದು ಹೆಚ್ಚಾಗಿ ಇಂಥ ಕಡೆ, ಅದು ನ್ಯಾಯವೇ. ಆದರೆ ಅದಕ್ಕಾಗಿ ಎಲ್ಲ ಗುಂಡಿಗಳನ್ನೂ ಬದಲಿಸಬೇಕಿಲ್ಲ. ‘ಮುಂದೆ’, ‘ಲಾಗಿನ್’, ‘ಸದಸ್ಯತ್ವ’ ಎಂದು ಕ್ರಿಯಾಪದವನ್ನೇ ಬಿಟ್ಟರೆ ಸಾಕು.

ಇದಕ್ಕಿಂತ ದೊಡ್ಡ ಅಪಾಯ ‘ಅಳಿಸು’ ಮತ್ತು ‘ಉಳಿಸು’ ಅಕ್ಕಪಕ್ಕ ಕೂರುವುದು. ಎರಡರಲ್ಲೂ ಮೂರೇ ಅಕ್ಷರ, ವ್ಯತ್ಯಾಸ ಮೊದಲನೆಯದರಲ್ಲಿ ಮಾತ್ರ, ಅರ್ಥ ತದ್ವಿರುದ್ಧ. ಮೊಬೈಲಿನ ಸಣ್ಣ ಅಕ್ಷರದಲ್ಲಿ ಅವಸರದ ಕಣ್ಣು ತಪ್ಪುವುದು ಸಹಜ. ಅಳಿಸುವ ಗುಂಡಿಗೆ ಕರ್ಮಪದ ಸೇರಿಸಿ: ‘ಕಡತ ಅಳಿಸು’. ಕಡತ ಹಾಗೇ ಉಳಿದು ಪಟ್ಟಿಯಿಂದ ಮಾತ್ರ ಹೋಗುವುದಾದರೆ ‘ಪಟ್ಟಿಯಿಂದ ತೆಗೆ’ ಎನ್ನಿ; ಅಲ್ಲಿ ‘ಅಳಿಸು’ ಎಂದರೆ ಸುಳ್ಳು ಹೇಳಿದಂತೆ.

‘ಕ್ಯಾನ್ಸಲ್’ಗೆ ಎಲ್ಲೆಡೆ ‘ರದ್ದುಮಾಡು’ ಹಾಕುವುದೂ ಇಂಥದೇ ತಪ್ಪು. ‘ಟಿಕೆಟ್ ರದ್ದುಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ಸರಿ’, ‘ರದ್ದುಮಾಡು’ ಎಂಬ ಎರಡು ಗುಂಡಿಗಳಿವೆ ಎನ್ನಿ. ಟಿಕೆಟ್ ಬೇಕೆನ್ನುವವರು ಯಾವುದನ್ನು ಒತ್ತಬೇಕು? ‘ಟಿಕೆಟ್ ರದ್ದುಮಾಡು’, ‘ಟಿಕೆಟ್ ಇರಲಿ’ ಎಂದು ಬರೆದರೆ ಪ್ರಶ್ನೆಯನ್ನು ಓದದವರೂ ಎಡವುವುದಿಲ್ಲ.

ಇವೆಲ್ಲ ಬೆರೆತುಹೋಗಲು ಮೂಲ ಕಾರಣ ಇಂಗ್ಲಿಷಿನ ‘ಸೇವ್’ ಬಳಕೆದಾರರ ಬಾಯಿಗೂ ಯಂತ್ರದ ಬಾಯಿಗೂ ಒಂದೇ ರೂಪದಲ್ಲಿರುವುದು. ಅನುವಾದಕ್ಕೆಂದೇ ಇರುವ ‘ಗೆಟ್‌ಟೆಕ್ಸ್ಟ್’ ಎಂಬ ವ್ಯವಸ್ಥೆಯನ್ನು ಬಳಸುವ ತಂತ್ರಾಂಶಗಳಲ್ಲಿ ಒಂದೇ ಮೂಲಪಠ್ಯ ಹತ್ತು ಕಡೆ ಬಂದರೂ, ಪದ ಎಲ್ಲಿ ಬರುತ್ತದೆ ಎಂದು ತಿಳಿಸುವ ಸಂದರ್ಭದ ಸಾಲು ಇಲ್ಲದಿದ್ದರೆ ಅನುವಾದಕ್ಕೆ ಸಿಗುವುದು ಒಂದೇ ನಮೂದು. ಹಾಗಾಗಿ ‘ಸೇವ್’, ‘ಓಪನ್’, ‘ಕ್ಯಾನ್ಸಲ್’ನಂಥ ಒಂಟಿ ಪದಗಳಿಗೆ ಗುಂಡಿ, ಶೀರ್ಷಿಕೆ, ಸ್ಥಿತಿ ಎಂಬ ಸಂದರ್ಭವನ್ನು ಬೇರೆಬೇರೆಯಾಗಿ ಕೊಡುವಂತೆ ಮೊದಲು ಡೆವಲಪರುಗಳನ್ನು ಕೇಳಿ. ಆಗಲೇ ‘ಓಪನ್’ ಗುಂಡಿಯಲ್ಲಿ ‘ತೆರೆ’ ಎಂದೂ ಸ್ಥಿತಿ ತೋರಿಸುವಲ್ಲಿ ‘ತೆರೆದಿದೆ’ ಎಂದೂ ಆಗಲು ಸಾಧ್ಯ.