ಹವಾಮಾನ ಇಲಾಖೆ ಸೇರುತ್ತೇನೆ ಅನ್ನುವ ಪುಟ್ಟಿಗೆ

ಅತ್ತಿಗೆ, ಡ್ಯೂಟಿ ಮುಗಿಸಿ ಬಂದು ಈಗಷ್ಟೇ ಗ್ರೂಪ್ ನೋಡಿದೆ. ಪುಟ್ಟಿ ಬಿ.ಎಸ್ಸಿ. ಮುಗಿಸಿ ಹವಾಮಾನ ಇಲಾಖೆ ಸೇರುತ್ತೇನೆ ಅನ್ನುತ್ತಿದ್ದಾಳೆ, ದಾರಿ ಹೇಗೆ ಅಂತ ಕೇಳಿದ್ದೀರಿ. ಅಣ್ಣ ಸುಮ್ನೆ ಬಿ.ಎಡ್. ಮಾಡಿಸೋಣ ಅಂದಿದ್ದಾನೆ. ನನ್ನದು ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಅವಳದು ಪಿಸಿಎಂ ಅಲ್ವಾ, ದಾರಿ ಇದೆ. ನಮ್ಮ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗೆ ಪರೀಕ್ಷೆ ಮಾಡುವುದು ಕೇಂದ್ರದ ಎಸ್‌ಎಸ್‌ಸಿ, ಅಂದರೆ ಸ್ಟಾಫ್ ಸೆಲೆಕ್ಷನ್ ಕಮಿಷನ್. 2022ರಲ್ಲಿ ಕರೆದಾಗ ಡಿಗ್ರಿಯಲ್ಲಿ ಫಿಸಿಕ್ಸ್, ಫಸ್ಟ್ ಕ್ಲಾಸ್ ಅಂದರೆ ಶೇ. 60, ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್, ವಯಸ್ಸು 30ರ ಒಳಗೆ ಅಂತ ಇತ್ತು. ಎರಡು ಗಂಟೆ, 200 ಪ್ರಶ್ನೆ. ಅರ್ಧ ರೀಸನಿಂಗ್, ಲೆಕ್ಕ, ಇಂಗ್ಲಿಷ್, ಜಿಕೆ. ಉಳಿದ ಅರ್ಧ ಅವಳಂಥವರಿಗೆ ಪೂರ್ತಿ ಫಿಸಿಕ್ಸ್. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಹಾಗಾಗಿ ಡಿಗ್ರಿ ಪುಸ್ತಕಗಳನ್ನು ಯಾರಿಗೂ ಕೊಡಬೇಡ ಅಂತ ಅವಳಿಗೆ ಹೇಳಿ, ಗೆಲ್ಲಿಸುವುದು ಅವೇ. ಮೂಲ ವೇತನ 35,400ರಿಂದ ಶುರು, ಅದರ ಮೇಲೆ ಡಿಎ, ಎಚ್‌ಆರ್‌ಎ ಬೇರೆ.

ಈಗ ಕಷ್ಟದ ಮಾತು. ಈ ಪರೀಕ್ಷೆ ವರ್ಷ ವರ್ಷ ಬರುವುದಿಲ್ಲ. 2017ರಲ್ಲಿ 1102 ಹುದ್ದೆಗೆ ಕರೆದರು, ಆಮೇಲೆ 2022ರಲ್ಲಿ 990ಕ್ಕೆ. ನಡುವೆ ಐದು ವರ್ಷ! ಅದನ್ನೇ ಕಾಯುತ್ತಾ ಮನೆಯಲ್ಲಿ ಕೂತ ಮಕ್ಕಳನ್ನು ನಾನು ನೋಡಿದ್ದೇನೆ, ತುಂಬಾ ಸಂಕಟ ಆಗುತ್ತದೆ. ಪುಟ್ಟಿ ಹಾಗೆ ಕೂರಬಾರದು. ಎಂ.ಎಸ್ಸಿ. ಸೇರಲಿ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಹವಾಮಾನದ್ದೇ ಎಂ.ಎಸ್ಸಿ. ಇದೆ. ಅದು ಕೈಯಲ್ಲಿದ್ದರೆ ಸೈಂಟಿಸ್ಟ್ ಹುದ್ದೆಗೂ ಪ್ರಯತ್ನ ಮಾಡಬಹುದು, ವಾಯುಪಡೆಯ ಹವಾಮಾನ ಶಾಖೆಗೂ ಅರ್ಜಿ ಹಾಕಬಹುದು. ಎಸ್‌ಎಸ್‌ಸಿ ಬಂದಾಗ ಅದನ್ನೂ ಬರೆಯಲಿ.

ಹೆಣ್ಣುಮಗಳಿಗೆ ರಾತ್ರಿ ಪಾಳಿ ಯಾಕೆ ಅಂತ ದೊಡ್ಡಮ್ಮ ಬರೆದಿದ್ದಾರೆ. ದೊಡ್ಡಮ್ಮ, ಪಾಳಿ ಇರುತ್ತದೆ, ದೇಶದಲ್ಲಿ ಎಲ್ಲಿಗೆ ಬೇಕಾದರೂ ಹಾಕುತ್ತಾರೆ, ನಾನು ಮುಚ್ಚಿಡುವುದಿಲ್ಲ. ಆದರೆ ಅನ್ನಾ ಮಣಿ ಅಂತ ಒಬ್ಬ ಮಹಿಳಾ ವಿಜ್ಞಾನಿ ಇದ್ದರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಪ್ರಬಂಧ ಬರೆದರು. ಎಂ.ಎಸ್ಸಿ. ಆಗಿಲ್ಲ ಅಂತ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅವರು 1948ರಲ್ಲಿ ಪುಣೆಯಲ್ಲಿ ನಮ್ಮ ಇಲಾಖೆ ಸೇರಿದರು, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಿಸಿದರು, 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಬಗ್ಗೆ ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ.

ಕೆಲಸ ಹೇಗಿರುತ್ತದೆ ಅಂತ ಪುಟ್ಟಿಗೆ ಗೊತ್ತಿರಲಿ. ಟಿವಿಯಲ್ಲಿ ನಕ್ಷೆ ತೋರಿಸುವುದಲ್ಲ. ಬೆಳಿಗ್ಗೆ ಎಂಟೂವರೆಗೆ ಎಂಥ ಮಳೆ ಇದ್ದರೂ ಅಂಗಳಕ್ಕೆ ಹೋಗಲೇಬೇಕು. ಅಲ್ಲಿ ಬಿಳಿ ಬಣ್ಣದ ಮರದ ಪೆಟ್ಟಿಗೆ ಇರುತ್ತದೆ, ಬಿಸಿಲು ಒಳಗೆ ಬೀಳದ ಹಾಗೆ ಬಾಗಿಲು ಉತ್ತರಕ್ಕೆ. ಬಾಗಿಲು ತೆಗೆದು ತಡಮಾಡದೆ ಥರ್ಮಾಮೀಟರ್ ಓದಬೇಕು, ನಿಂತೇ ಇದ್ದರೆ ನಮ್ಮ ಮೈಬಿಸಿಗೇ ಪಾದರಸ ಏರುತ್ತದೆ. ಗಾಳಿಯ ತೇವ ಲೆಕ್ಕ ಹಾಕಲು ಒಂದರ ಬುಡಕ್ಕೆ ಒದ್ದೆ ಮಸ್ಲಿನ್ ಬಟ್ಟೆ ಸುತ್ತಿರುತ್ತದೆ, ಅದು ಕೊಳೆಯಾದರೆ ಲೆಕ್ಕವೇ ತಪ್ಪು. ಆಮೇಲೆ ಮಳೆ ಮಾಪಕದ ನೀರನ್ನು ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಜೂನ್, ಜುಲೈನಲ್ಲಿ ಒಂದು ಜಾಡಿ ಸಾಲುವುದಿಲ್ಲ, ತುಂಬಿ ತುಂಬಿ ಚೆಲ್ಲಿ ಕೂಡಿಸುತ್ತಾ ಹೋಗಬೇಕು. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ. ನಾವು ಒಂದು ಜಾಡಿ ಎಣಿಸಲು ಮರೆತರೆ ಆ ದಿನದ ಮಳೆ ದಾಖಲೆಯಲ್ಲಿ ಶಾಶ್ವತವಾಗಿ ಕಡಿಮೆ ಆಗಿಬಿಡುತ್ತದೆ, ಮತ್ತೆ ಅಳೆಯುವ ಹಾಗಿಲ್ಲ.

ಕೆಲವು ಕೇಂದ್ರಗಳಲ್ಲಿ ದಿನಕ್ಕೆರಡು ಸಲ, ಮೇಲಿನ ಗಾಳಿಯನ್ನು ಅಳೆಯುವ ಉಪಕರಣದ ಡಬ್ಬಿ ಕಟ್ಟಿ ಬಲೂನ್ ಬಿಡುತ್ತಾರೆ. ಗ್ರೀನಿಚ್ ಸಮಯದ ಲೆಕ್ಕದಲ್ಲಿ ಒಂದೇ ಹೊತ್ತಿಗೆ ಲೋಕದ ಎಲ್ಲ ಕಡೆಯೂ ಏರುತ್ತದೆ, ನಮಗದು ಬೆಳಿಗ್ಗೆ ಐದೂವರೆ ಮತ್ತು ಸಂಜೆ ಐದೂವರೆ. ಕೈಬಿಟ್ಟ ಕೂಡಲೇ ಡಬ್ಬಿ ತೂಗಾಡುತ್ತಾ ಮೇಲೆ ಹೋಗುವುದನ್ನು ನೋಡಲು ನನಗೆ ಇವತ್ತಿಗೂ ಆಸೆ.

ನಾಳೆ ರಾತ್ರಿ ಎಂಟರ ಮೇಲೆ ಪುಟ್ಟಿಯ ಕೈಯಲ್ಲಿ ಫೋನ್ ಮಾಡಿಸಿ. ಮಾರ್ಕ್ಸ್ ಕಾರ್ಡ್ ಪಕ್ಕದಲ್ಲಿ ಇಟ್ಟುಕೊಂಡಿರಲಿ, ಶೇ. 60 ಆಗಿದೆಯಾ ಅಂತ ಮೊದಲು ಕೂಡಿಸಿ ನೋಡೋಣ.